ಸೈನ್ಯದ ನಾಯಿಗಳಿಗೆ ಹೇಗೆ ಕಲಿಸುತ್ತಾರೆ?



ನಮ್ಮ ಯಲವಿಗಿಯ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಮಿಲ್ಟ್ರಿ ಅಜ್ಜಾರ ಮನೆ ಇದೆ. ಅಜ್ಜಾರು ಸೈನ್ಯದಲ್ಲಿ ನಾಯಿಗಳಿಗೆ ಕಲಿಸುವ ಕೆಲಸ ಮಾಡಿದವರು. ಹೋದ ಮಳಿಗಾಲದಾಗ ತೀರಿಕೊಂಡರು. ಅವರು ಹೇಳಿದ್ದನ್ನು ಮತ್ತು ನಾನು ಓದಿದ್ದನ್ನು ಸೇರಿಸಿ ಈ ಪಾಠ ಬರೆದಿದ್ದೇನೆ.

ನಮ್ಮ ಸೈನ್ಯದ ನಾಯಿಗಳಿಗೆ ಉತ್ತರ ಪ್ರದೇಶದ ಮೀರತ್‌ನಲ್ಲಿ ತರಬೇತಿ ಕೊಡುತ್ತಾರೆ. ಒಂದು ನಾಯಿಗೆ ಒಬ್ಬನೇ ಸೈನಿಕ. ಅವನಿಗೆ ಹ್ಯಾಂಡ್ಲರ್ ಎನ್ನುತ್ತಾರೆ. ಊಟ ಹಾಕುವುದು, ಮೈ ತಿಕ್ಕುವುದು, ಆಡಿಸುವುದು ಎಲ್ಲಾ ಅವನೇ.

ಬಾಂಬ್ ಹುಡುಕಲು ಹೇಗೆ ಕಲಿಸುತ್ತಾರೆ ಗೊತ್ತೇ? ನಾಯಿಗೆ ಬಾಂಬ್ ಅಂದ್ರ ಏನಂತ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಚೆಂಡು. ಸಾಲಾಗಿ ಡಬ್ಬಿಗಳನ್ನು ಇಟ್ಟು ಒಂದರಲ್ಲಿ ಮಾತ್ರ ಮದ್ದಿನ ವಾಸನೆ ಇಡುತ್ತಾರೆ. ಆ ಡಬ್ಬಿ ಹುಡುಕಿದ ಕೂಡಲೇ ಚೆಂಡು ಕೊಟ್ಟು ಆಡಿಸುತ್ತಾರೆ. ಹೀಗೆ ದಿನಾಲೂ ಮಾಡಿದರೆ ಮದ್ದಿನ ವಾಸನೆ ಬಂದರೆ ಚೆಂಡು ಸಿಗತೈತಿ ಎಂದು ನಾಯಿ ತಿಳಿಯುತ್ತದೆ. ವಾಸನೆ ಸಿಕ್ಕ ಮೇಲೆ ನೆಲ ಕೆದರಬಾರದು, ಸುಮ್ಮನೆ ಕುಂದ್ರಬೇಕು. ಕೆದರಿದರೆ ಬಾಂಬ್ ಸಿಡಿದೀತು. ಮನುಷ್ಯರ ಮೂಗಿನಲ್ಲಿ ವಾಸನೆ ಹಿಡಿಯುವ ಕಣಗಳು ೫೦-೬೦ ಲಕ್ಷ ಇದ್ದರೆ ನಾಯಿಗೆ ೨೦ ಕೋಟಿಗೂ ಹೆಚ್ಚು.

"ಹೊಡದ್ರ ನಾಯಿ ಅಂಜತೈತಿ, ಕಲಿಯಂಗಿಲ್ಲ" ಎಂದು ಅಜ್ಜಾರು ಹೇಳುತ್ತಿದ್ದರು. (ಇದನ್ನು ನಮ್ಮ ಗುರುಗಳೂ ಓದಬೇಕು!)

ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಓಟಕ್ಕೆ ಹೆಸರುವಾಸಿ. ೨೦೦೫ರಲ್ಲಿ ಅದರ ಅಂಚೆ ಚೀಟಿ ಬಂದಿದೆ. ೨೦೧೬ರಲ್ಲಿ ಸೈನ್ಯದವರು ಮುಧೋಳ ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟರು.

ಮಾನ್ಸಿ ಎಂಬ ಲ್ಯಾಬ್ರಡಾರ್ ನಾಯಿ ಮತ್ತು ಅದರ ಹ್ಯಾಂಡ್ಲರ್ ಬಶೀರ್ ಅಹ್ಮದ್ ವಾರ್ ಅವರು ೨೦೧೫ರ ಆಗಸ್ಟ್‌ನಲ್ಲಿ ಕಾಶ್ಮೀರದ ತಂಗಧಾರ್‌ನಲ್ಲಿ ಗಡಿ ನುಸುಳಿ ಬಂದವರ ಗುಂಡಿಗೆ ಇಬ್ಬರೂ ಕೂಡಿಯೇ ಪ್ರಾಣ ಕೊಟ್ಟರು. ೨೦೧೬ರಲ್ಲಿ ಮಾನ್ಸಿಗೂ ಸೈನ್ಯದ ಗೌರವ ಸಿಕ್ಕಿತು. ಇದನ್ನು ಹೇಳುವಾಗ ಅಜ್ಜಾರು ಟೊಪ್ಪಿಗೆ ತೆಗೆದು ತೊಡೆ ಮೇಲೆ ಇಟ್ಟುಕೊಳ್ಳುತ್ತಿದ್ದರು.

ಯುದ್ಧದಿಂದ ಬಂದ ಸೈನಿಕರಿಗೂ ನಾಯಿ ಬೇಕಾಗುತ್ತದೆ. ೧೯೧೬ರಲ್ಲಿ ಜರ್ಮನಿಯ ಓಲ್ಡೆನ್‌ಬರ್ಗ್ ಊರಲ್ಲಿ, ಯುದ್ಧದಲ್ಲಿ ಕಣ್ಣು ಹೋದ ಸೈನಿಕರಿಗೆ ದಾರಿ ತೋರಿಸುವ ನಾಯಿಗಳ ಶಾಲೆ ತೆರೆದರು. ಈಗ ಅಮೆರಿಕದಲ್ಲಿ ಕೆಟ್ಟ ಕನಸು ಬಿದ್ದ ಮಾಜಿ ಸೈನಿಕರನ್ನು ಎಬ್ಬಿಸಲು ನಾಯಿಗಳಿಗೆ ಕಲಿಸುತ್ತಾರೆ. ನಮ್ಮ ಅಜ್ಜಾರೂ ಒಮ್ಮೊಮ್ಮೆ ರಾತ್ರಿ ಚೀರಿ ಏಳುತ್ತಿದ್ದರಂತೆ. ಆಗ ಅವರ ನಾಯಿ ರಾಜಾ ಬಂದು ಕೈ ನೆಕ್ಕುತ್ತಿತ್ತು ಎಂದು ಅಜ್ಜಿ ಹೇಳಿದರು. ರಾಜಾ ನಮ್ಮೂರ ಬೀದಿ ನಾಯಿ. ಅದಕ್ಕೆ ಇದನ್ನು ಯಾರೂ ಕಲಿಸಿರಲಿಲ್ಲ.

ನಾನು ಐದನೇ ತರಗತಿಯಲ್ಲಿದ್ದಾಗ ರಾಜಾನಿಗೆ ಕಲ್ಲು ಒಗೆದಿದ್ದೆ. ಅಜ್ಜಾರು ಬೈಯಲಿಲ್ಲ. ಒಳಗಿನಿಂದ ಚೆಂಡು ತಂದು "ಕಲ್ಲು ಬ್ಯಾಡ, ಇದನ್ನ ಒಗಿ" ಅಂದರು. ಅವತ್ತಿನಿಂದ ನಾನು ದಿನಾ ಹೋಗುತ್ತಿದ್ದೆ.

ಈಗ ರಾಜಾ ಇಡೀ ದಿನ ಕಟ್ಟಿ ಮ್ಯಾಲೆ ಮಲಗಿರುತ್ತದೆ. ಅಜ್ಜಿಗೆ ಕಣ್ಣು ಮಂಜು. ಸಂಜೆ ನಾನು ರೊಟ್ಟಿ ಹಾಕುತ್ತೇನೆ. ಬಹಳ ದಿನ ಚೆಂಡು ಒಗೆದರೂ ಏಳುತ್ತಿರಲಿಲ್ಲ. ಹೋದ ವಾರ ಎದ್ದು ತಂದಿತು. ಆದರೆ ನನ್ನ ಕೈಗೆ ಕೊಡಲಿಲ್ಲ, ಅಜ್ಜಾರು ಕುಂದ್ರುತ್ತಿದ್ದ ಜಾಗದಾಗ ಇಟ್ಟಿತು.

ನಮ್ಮ ಶಾಲೆಯ ಕೆಲವರು ಇನ್ನೂ ಅದಕ್ಕೆ ಕಲ್ಲು ಒಗೆಯುತ್ತಾರೆ, ಹೆಸರು ಬರೆಯುವುದಿಲ್ಲ. ಬರುವ ರವಿವಾರ ನಾನು ಮಾಮಾನ ಊರಿಗೆ ಹೋಗುತ್ತೇನೆ. ಆವತ್ತು ಸಂಜೆ ರೊಟ್ಟಿ ಹಾಕುವವರು ಈ ಹಾಳೆಯ ಕೆಳಗೆ ತಮ್ಮ ಹೆಸರು ಬರೆಯಿರಿ. ಚೆಂಡನ್ನು ನಾನು ಕೊಡುತ್ತೇನೆ.