ಮೋಟಾರಿನ ಮುಂಗಾಜು ಮತ್ತು ಮಳೆಯ ನೀರು

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ದಾರಿಯನ್ನು ಬಲ್ಲವರಿಗೆ ಎರಡು ಸಂಗತಿಗಳು ಚೆನ್ನಾಗಿ ಪರಿಚಿತವಾಗಿವೆ: ಬೇಸಗೆಯಲ್ಲಿ ಏಳುವ ಕೆಮ್ಮಣ್ಣಿನ ಧೂಳು, ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಯ ಗೆದ್ದಲು. ಅಂಥದೊಂದು ಸಂಜೆ ನಾವು ಸೊರಬದಿಂದ ಬಾಡಿಗೆ ಕಾರಿನಲ್ಲಿ ಮರಳುತ್ತಿದ್ದೆವು. ಮುಂಗಾಜಿನ ಮೇಲೆ ಹುಳುಗಳು ಬಡಿದು ಅಂಟಿಕೊಂಡಿದ್ದುವು. ಚಾಲಕನು ವೈಪರನ್ನು ಓಡಿಸಿದ. ಗಾಜು ಶುಭ್ರವಾಗುವುದಕ್ಕೆ ಬದಲು ಅದಕ್ಕೆ ಕೆನೆ ಬಳಿದಂತಾಯಿತು. ಅದೇ ಗಳಿಗೆಯಲ್ಲಿ ಎದುರಿನಿಂದ ಲಾರಿಯೊಂದು ದೀಪ ಬೆಳಗುತ್ತ ಬಂದಿತು. "ಏನೂ ಕಾಣ್ತಿಲ್ಲ ಸಾರ್" ಎಂದವನೇ ಆತ ಬ್ರೇಕನ್ನು ಒತ್ತಿದ. ಇಳಿದು ನೋಡಿದರೆ, ನಾಲ್ಕು ಮಾರು ಮುಂದೆ ಹುಲ್ಲಿನ ಹೊರೆ ಕಟ್ಟಿದ ಸೈಕಲ್ಲನ್ನು ತಳ್ಳಿಕೊಂಡು ವೃದ್ಧರೊಬ್ಬರು ಹೋಗುತ್ತಿದ್ದರು. ಅವರಿಗೆ ನಮ್ಮ ಗಾಬರಿಯ ಅರಿವೇ ಇರಲಿಲ್ಲ.

ನೀರು ಚಿಮ್ಮಿಸಬಾರದಿತ್ತೆ ಎಂದು ಕೇಳಿದೆವು. "ಆ ಡಬ್ಬಿ ಖಾಲಿಯಾಗಿ ತಿಂಗಳಾಯ್ತು ಸಾರ್. ಅಂಗಡಿಯ ನೀಲಿ ನೀರಿಗೆ ಯಾಕೆ ದುಡ್ಡು ಸುರಿಯೋದು ಅಂತ ಬಿಟ್ಟಿದ್ದೆ" ಎಂದು ಆತ ಉತ್ತರಿಸಿದ. ಆತನ ಪ್ರಶ್ನೆ ನ್ಯಾಯವಾದುದೇ. ಆ ನೀಲಿ ನೀರಿನಲ್ಲಿ ಏನಿದೆ? ಅದನ್ನು ಮನೆಯಲ್ಲಿಯೇ ತಯಾರಿಸಬಹುದೆ? ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಹೊರಟರೆ ಭೌತವಿಜ್ಞಾನದ ಒಂದೆರಡು ಪಾಠಗಳೇ ನಮಗೆ ದೊರೆಯುತ್ತವೆ.

ಗಾಜು ಕುರುಡಾಗುವುದು ಹೇಗೆ?

ಶುಭ್ರವಾದ ಗಾಜಿನ ಮೂಲಕ ಬೆಳಕು ನೇರವಾಗಿ ಹಾದು ಬರುತ್ತದೆ. ಗಾಜಿನ ಮೇಲೆ ಧೂಳಿನ ಕಣಗಳೋ ಎಣ್ಣೆಯ ತೆಳುಪೊರೆಯೋ ಇದ್ದಾಗ ಬೆಳಕು ದಿಕ್ಕು ದಿಕ್ಕಿಗೆ ಚದರುತ್ತದೆ. ಹಗಲಿನಲ್ಲಿ ಇದು ಅಷ್ಟಾಗಿ ತೋರದು. ಇರುಳಿನಲ್ಲಿ ಎದುರು ಗಾಡಿಯ ದೀಪದ ಪ್ರಖರ ಬೆಳಕು ಬಿದ್ದೊಡನೆ ಗಾಜಿಗೆ ಗಾಜೇ ಹೊಳೆಯತೊಡಗುತ್ತದೆ. ಅದರ ಹಿಂದಿನ ಮಂದವಾದ ವಸ್ತುಗಳು ಆ ಹೊಳಪಿನಲ್ಲಿ ಮುಳುಗಿಹೋಗುತ್ತವೆ. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಮೂರು ಸೆಕೆಂಡುಗಳ ಕಾಲ ದಾರಿ ಕಾಣದಿದ್ದರೆ ಗಾಡಿ 50 ಮೀಟರ್ ದೂರವನ್ನು ಕಣ್ಣುಮುಚ್ಚಿಕೊಂಡು ಓಡಿದಂತೆಯೇ ಸರಿ.

ಒಣಗಿದ ಗಾಜಿನ ಮೇಲೆ ವೈಪರನ್ನು ಓಡಿಸುವುದು ಇನ್ನೊಂದು ತಪ್ಪು. ಮಣ್ಣಿನ ಧೂಳಿನಲ್ಲಿ ಬೆಣಚುಕಲ್ಲಿನ ಸಣ್ಣ ಕಣಗಳಿರುತ್ತವೆ. ಕಾಠಿಣ್ಯವನ್ನು ಅಳೆಯುವ ಮೋಸ್ ಮಾನದಲ್ಲಿ ಬೆಣಚುಕಲ್ಲಿನ ಸ್ಥಾನ 7. ಗಾಜಿನದು ಸುಮಾರು 5.5. ಆದುದರಿಂದ ರಬ್ಬರಿನ ಅಡಿಯಲ್ಲಿ ಸಿಕ್ಕಿದ ಧೂಳು ಗಾಜನ್ನು ಗೀರುತ್ತದೆ. ಕೊಳೆಯನ್ನು ತೊಳೆಯಬಹುದು, ಗೀರನ್ನು ತೊಳೆಯಲಾಗದು. ಅಮೆರಿಕದ ಮೇರಿ ಆಂಡರ್ಸನ್ ಎಂಬ ಮಹಿಳೆ 1903ರಲ್ಲಿ ಕೈಯಿಂದ ನಡೆಸುವ ವೈಪರಿಗೆ ಪೇಟೆಂಟನ್ನು ಪಡೆದರು. ಆ ಸಾಧನವು ಮಳೆ ಹಿಮಗಳನ್ನು ಸರಿಸುವುದಕ್ಕೆಂದು ಹುಟ್ಟಿದುದು. ಒಣ ಧೂಳನ್ನು ಉಜ್ಜುವುದಕ್ಕಲ್ಲ.

ನೀರಿನ ಮೊಂಡುತನ

ಹಾಗಾದರೆ ಬರಿಯ ನೀರು ಸಾಲದೆ? ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡೋಣ. ಎರಡು ಗಾಜಿನ ತುಂಡುಗಳನ್ನು ಚೆನ್ನಾಗಿ ತೊಳೆದು ಒಣಗಿಸಬೇಕು. ಒಂದರ ಮೇಲೆ ಕೊಬ್ಬರಿ ಎಣ್ಣೆ ಸೋಕಿದ ಬೆರಳನ್ನು ಆಡಿಸಿ, ಎರಡರ ಮೇಲೂ ಒಂದೊಂದು ಹನಿ ನೀರನ್ನು ಬಿಡಬೇಕು. ಶುಭ್ರವಾದ ಗಾಜಿನ ಮೇಲೆ ನೀರು ಹರಡಿಕೊಳ್ಳುತ್ತದೆ. ಎಣ್ಣೆ ಸೋಕಿದ ಗಾಜಿನ ಮೇಲಾದರೋ ಅದು ಮುತ್ತಿನಂತೆ ಉಬ್ಬಿ ನಿಲ್ಲುತ್ತದೆ. ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಸೆಳೆಯುತ್ತವೆ. ಅದರಿಂದಾಗಿ ನೀರಿನ ಮೇಲ್ಮೈ ಎಳೆದು ಕಟ್ಟಿದ ಪೊರೆಯಂತೆ ವರ್ತಿಸುತ್ತದೆ. ಇದಕ್ಕೆ ಮೇಲ್ಮೈ ಎಳೆತವೆಂದು ಹೆಸರು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಶುದ್ಧ ನೀರಿಗೆ ಇದು ಮೀಟರಿಗೆ ಸುಮಾರು 73 ಮಿಲಿನ್ಯೂಟನ್. ಎಣ್ಣೆಯ ಕಡೆಗೆ ನೀರಿಗೆ ಇರುವ ಸೆಳೆತ ಅಲ್ಪವಾದುದರಿಂದ ಅದು ತನ್ನಷ್ಟಕ್ಕೆ ತಾನೇ ಮುದುಡಿಕೊಳ್ಳುತ್ತದೆ.

ಡೀಸೆಲ್ ಹೊಗೆ ಮೆತ್ತಿದ ಮುಂಗಾಜಿನ ಮೇಲೆ ನಡೆಯುವುದೂ ಇದೇ. ಅಲ್ಲಿ ಉಳಿದ ಒಂದೊಂದು ಹನಿಯೂ ಒಂದು ಪುಟ್ಟ ಮಸೂರವಾಗಿ ದೀಪದ ಬೆಳಕನ್ನು ಮುರಿದು ಕಣ್ಣಿಗೆ ಎರಚುತ್ತದೆ.

ಈಗ ಆ ಮುತ್ತಿನಂತಹ ಹನಿಗೆ, ಪಾತ್ರೆ ತೊಳೆಯುವ ದ್ರವದಲ್ಲಿ ಅದ್ದಿದ ಕಡ್ಡಿಯ ತುದಿಯನ್ನು ಮುಟ್ಟಿಸಬೇಕು. ಹನಿ ಕುಸಿದು ಹರಡಿಬಿಡುತ್ತದೆ! ಮಾರ್ಜಕದ ಅಣುವಿಗೆ ಎರಡು ತುದಿಗಳುಂಟು. ಒಂದು ನೀರನ್ನು ಬಯಸಿದರೆ ಇನ್ನೊಂದು ಎಣ್ಣೆಯನ್ನು ಬಯಸುತ್ತದೆ. ಅದು ನೀರಿನ ಮೇಲ್ಮೈ ಎಳೆತವನ್ನು 30ರಿಂದ 40ರವರೆಗೆ ಇಳಿಸುವುದಲ್ಲದೆ ಜಿಡ್ಡನ್ನು ಸಣ್ಣ ಸಣ್ಣ ಕಣಗಳಾಗಿ ಬಿಡಿಸಿ ನೀರಿನೊಡನೆ ಒಯ್ಯುತ್ತದೆ.

ಯಾವ ನೀರು?

ಕೊಳವೆ ಬಾವಿಯ ನೀರಿನಲ್ಲಿ ಅನೇಕ ವೇಳೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಇಂಥದನ್ನು ಗಡಸು ನೀರೆನ್ನುತ್ತೇವೆ. ಇದು ಗಾಜಿನ ಮೇಲೆ ಆರಿದಾಗ ಸುಣ್ಣದ ಬಿಳಿಯ ಕಲೆ ಉಳಿಯುತ್ತದೆ. ನೀರು ಚಿಮ್ಮುವ ಸಣ್ಣ ರಂಧ್ರವೂ ಇದೇ ಕಾರಣದಿಂದ ಕಟ್ಟಿಕೊಳ್ಳಬಹುದು. ನಿಮ್ಮ ಮನೆಯ ನೀರು ಎಂಥದೆಂದು ತಿಳಿಯಬೇಕಾದರೆ ಒಂದು ಹನಿ ಬಾವಿಯ ನೀರನ್ನೂ ಒಂದು ಹನಿ ಮಳೆಯ ನೀರನ್ನೂ ಕನ್ನಡಿಯ ಮೇಲೆ ಬಿಟ್ಟು ಬಿಸಿಲಿನಲ್ಲಿ ಒಣಗಿಸಿ ಹೋಲಿಸಿ ನೋಡಬಹುದು.

ಮಳೆಯ ನೀರು ಸೂರ್ಯನು ಬಟ್ಟಿ ಇಳಿಸಿಕೊಟ್ಟ ನೀರು. ಸೊರಬದ ಸೀಮೆಯಲ್ಲಿ ಅದಕ್ಕೆ ಬಡತನವಿಲ್ಲ. 10 ಚದರ ಮೀಟರ್ ಮಾಡಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್ ನೀರಾಯಿತು. ವಾರಕ್ಕೆ ಒಂದು ಲೀಟರಿನಂತೆ ಬಳಸಿದರೂ ವರ್ಷಕ್ಕೆ ಬೇಕಾದುದು 52 ಲೀಟರ್ ಮಾತ್ರ. ಮಾಡಿನ ಕೊಳೆ ತೊಳೆದುಹೋಗುವವರೆಗೆ ಮೊದಲ ನೀರನ್ನು ಬಿಟ್ಟು, ಅನಂತರದ ನೀರನ್ನು ಹಿಡಿದು, ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಮುಚ್ಚಿಡಬೇಕು. ಮಳೆಯ ನೀರು ತೀರಿದಾಗ ಬ್ಯಾಟರಿಗೆ ಹಾಕುವ ಬಟ್ಟಿ ನೀರನ್ನು ಬಳಸಬಹುದು.

ಸಾಬೂನೇಕೆ ಬೇಡ? ಅಂಟುವಾಳವೇಕೆ ಬೇಡ?

ಸಾಬೂನು ಗಡಸು ನೀರಿನಲ್ಲಿ ಕರಗದ ಗಸಿಯನ್ನು ಉಂಟುಮಾಡುತ್ತದೆ. ಮಾರ್ಜಕಕ್ಕೆ ಈ ದೋಷ ಬಹಳ ಕಡಿಮೆ. ಬಟ್ಟೆ ಒಗೆಯುವ ಸೋಡ ಕ್ಷಾರವಾದುದರಿಂದ ಗಾಡಿಯ ಬಣ್ಣಕ್ಕೆ ಒಳ್ಳೆಯದಲ್ಲ. ಮಲೆನಾಡಿನ ವಿದ್ಯಾರ್ಥಿಗಳು ಇಲ್ಲಿ ಅಂಟುವಾಳವನ್ನು ನೆನೆಯುವುದು ಸಹಜ. ಅದರಲ್ಲಿರುವ ಸ್ಯಾಪೊನಿನ್ ಮೇಲ್ಮೈ ಎಳೆತವನ್ನು ಇಳಿಸುತ್ತದೆಂಬುದೂ ದಿಟವೇ. ಆದರೆ ಕಾಯಿಯ ರಸದಲ್ಲಿ ಸಕ್ಕರೆ ಮುಂತಾದ ಪದಾರ್ಥಗಳೂ ಸೇರಿರುವುದರಿಂದ ಕೆಲವೇ ದಿನಗಳಲ್ಲಿ ಅದು ಹುಳಿತು ಲೋಳೆಯಾಗುತ್ತದೆ. ತಲೆಗೆ ಅದು ಹಿತ. ಡಬ್ಬಿಯಲ್ಲಿ ನಿಲ್ಲಿಸಿಡಲು ಅಯೋಗ್ಯ.

ವಿಷದ ಮಾತು

ಹಿಮ ಬೀಳುವ ದೇಶಗಳಲ್ಲಿ ಈ ದ್ರವವು ಹೆಪ್ಪುಗಟ್ಟದಂತೆ ಅದಕ್ಕೆ ಮೆಥನಾಲನ್ನು ಸೇರಿಸುವುದುಂಟು. ಶಿಕಾರಿಪುರದಲ್ಲಾಗಲಿ ಸೊರಬದಲ್ಲಾಗಲಿ ನೀರು ಹೆಪ್ಪುಗಟ್ಟುವ ಚಳಿಯಿಲ್ಲ; ಆದುದರಿಂದ ನಮಗೆ ಮೆಥನಾಲಿನ ಅಗತ್ಯವೇ ಇಲ್ಲ. ಅದು ಘೋರ ವಿಷ. ಶರೀರದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಕಣ್ಣಿನ ನರವನ್ನು ಕೆಡಿಸುತ್ತದೆ. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಮದ್ಯವನ್ನು ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಮಡಿದರು. ದಾರಿ ಕಾಣಲೆಂದು ಮಾಡುವ ದ್ರವ ಕಣ್ಣನ್ನೇ ಕಳೆಯುವಂತಾಗಬಾರದು. ಮೆಥನಾಲನ್ನಾಗಲಿ ಮೆಥಿಲೇಟೆಡ್ ಸ್ಪಿರಿಟನ್ನಾಗಲಿ ಯಾರೂ ಇದಕ್ಕೆ ಬಳಸತಕ್ಕದ್ದಲ್ಲ.

ಔಷಧದಂಗಡಿಯಲ್ಲಿ ದೊರೆಯುವ 70 ಶೇಕಡ ಐಸೊಪ್ರೊಪೈಲ್ ಆಲ್ಕೊಹಾಲನ್ನು ಸ್ವಲ್ಪ ಸೇರಿಸಿದರೆ ಜಿಡ್ಡು ಬೇಗ ಬಿಡುತ್ತದೆ, ಗಾಜು ಬೇಗ ಆರುತ್ತದೆ. ಇದೂ ಕುಡಿಯತಕ್ಕ ವಸ್ತುವಲ್ಲ. ಬೆಂಕಿಗೆ ಬೇಗ ಹೊತ್ತಿಕೊಳ್ಳುತ್ತದೆ. ನಿಂತ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆಯುವುದನ್ನು ತಡೆಯಲೂ ಅದು ನೆರವಾಗುತ್ತದೆ. 2010ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದು, ಈ ಡಬ್ಬಿಯಲ್ಲಿ ಬರಿಯ ನೀರನ್ನು ತುಂಬುವುದಕ್ಕೂ ಲೀಜನೇರ್ ಎಂಬ ಶ್ವಾಸಕೋಶದ ರೋಗಕ್ಕೂ ಸಂಬಂಧವಿರುವುದನ್ನು ತೋರಿಸಿತು.

ತಯಾರಿಸುವ ಕ್ರಮ

ಸೋಸಿದ ಮಳೆಯ ನೀರು 900 ಮಿಲಿಲೀಟರ್, ಮೇಲೆ ಹೇಳಿದ ಆಲ್ಕೊಹಾಲು 100 ಮಿಲಿಲೀಟರ್, ಪಾತ್ರೆ ತೊಳೆಯುವ ದ್ರವ 1 ಮಿಲಿಲೀಟರ್, ಎಂದರೆ ಕಾಲು ಚಮಚಕ್ಕಿಂತ ತುಸು ಕಡಿಮೆ. ಒಲೆ ದೀಪಗಳಿಂದ ದೂರದಲ್ಲಿ, ಗಾಳಿಯಾಡುವ ಜಾಗದಲ್ಲಿ, ಮೊದಲು ನೀರಿಗೆ ಆಲ್ಕೊಹಾಲನ್ನು ಸೇರಿಸಿ, ಕೊನೆಗೆ ಮಾರ್ಜಕವನ್ನು ಹಾಕಿ, ನೊರೆಯೇಳದಂತೆ ಮೆಲ್ಲಗೆ ತಿರುಗಿಸಬೇಕು. ಮಾರ್ಜಕ ಹೆಚ್ಚಾದರೆ ಶುಚಿಯೂ ಹೆಚ್ಚೆಂದು ಭಾವಿಸಬಾರದು; ನೊರೆಯೂ ಜಿಗುಟೂ ಗಾಜಿನ ಮೇಲೆ ಉಳಿದು ಬೆಳಕನ್ನು ಮತ್ತೆ ಚದರಿಸುತ್ತವೆ. ಸೀಸೆಗೆ "ಗಾಜಿನ ನೀರು, ಕುಡಿಯಬಾರದು" ಎಂದು ಚೀಟಿ ಅಂಟಿಸಿ ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ಪಾನೀಯದ ಹಳೆಯ ಸೀಸೆಗಳಲ್ಲಿ ಎಂದಿಗೂ ತುಂಬಬಾರದು.

ಇದರ ಡಬ್ಬಿಯ ಮುಚ್ಚಳದ ಮೇಲೆ ಸಾಮಾನ್ಯವಾಗಿ ನೀರು ಚಿಮ್ಮುವ ಗಾಜಿನ ಚಿತ್ರವಿರುತ್ತದೆ. ಎಂಜಿನ್ನನ್ನು ತಣಿಸುವ ದ್ರವದ ಡಬ್ಬಿ ಬೇರೆ. ಅದಕ್ಕೆ ಇದನ್ನು ಸುರಿಯಬಾರದು. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನಂತೂ ಮುಟ್ಟಲೇಕೂಡದು. ಹೊರಡುವ ಮೊದಲು ಒದ್ದೆ ಬಟ್ಟೆಯಿಂದ ವೈಪರಿನ ರಬ್ಬರನ್ನು ಒರೆಸಬೇಕು. ಹುಳುಗಳು ಅಂಟಿದ್ದರೆ ಗಾಡಿಯನ್ನು ನಿಲ್ಲಿಸಿ, ದ್ರವವನ್ನು ಚಿಮ್ಮಿಸಿ, ಅವು ನೆನೆಯುವವರೆಗೆ ಕಾದು ಅನಂತರ ವೈಪರನ್ನು ಓಡಿಸುವುದು ಲೇಸು.

ಉಳಿತಾಯವೆಷ್ಟು? ಲೀಟರಿಗೆ ಒಂದು ಮಿಲಿಲೀಟರಿನಂತೆ 250 ಮಿಲಿಲೀಟರ್ ಮಾರ್ಜಕ 250 ಲೀಟರಿಗೆ ಸಾಕು. ನೀರಿಗೆ ಬೆಲೆಯಿಲ್ಲ. ಹೆಚ್ಚಿನ ಖರ್ಚೆಲ್ಲ ಆಲ್ಕೊಹಾಲಿನದೇ. ನಿಮ್ಮ ಊರಿನ ಬೆಲೆಗಳನ್ನು ವಿಚಾರಿಸಿ ನೀವೇ ಲೆಕ್ಕ ಹಾಕಬಹುದು.

ಮುಂದಿನ ವಾರ ಅದೇ ಚಾಲಕನಿಗೆ ಎರಡು ಸೀಸೆ ದ್ರವವನ್ನು ಕೊಟ್ಟೆವು. ಆತ ಸೀಸೆಯನ್ನು ಬೆಳಕಿಗೆ ಹಿಡಿದು, "ಇದು ನೀಲಿ ಇಲ್ಲವಲ್ಲ ಸಾರ್!" ಎಂದ. ಗಾಜನ್ನು ತೊಳೆಯುವುದು ಬಣ್ಣವಲ್ಲವೆಂದು ಹೇಳಿದೆವು. ಇರುಳಿನ ದಾರಿಯಲ್ಲಿ ಸೈಕಲ್ಲನ್ನು ತಳ್ಳಿಕೊಂಡು ಹೋಗುವವರಿಗೆ ಬೇಕಾದುದು ನಮ್ಮ ಮುಂಗಾಜು ಶುಭ್ರವಾಗಿರುವುದೊಂದೇ.