ನೀತಿ ಹೇಳಬೇಡಿ, ಕಥೆ ಓದಿ: ಹಿನ್ನೀರಿನ ಊರುಗಳ ಮಕ್ಕಳಿಗೊಂದು ಓದಿನ ದಾರಿ

‘ಮಕ್ಕಳಿಗೆ ನಾಲ್ಕು ಒಳ್ಳೆಯ ಬುದ್ಧಿ ಕಲಿಸುವ ಪುಸ್ತಕ ಯಾವುದಿದೆ?’ ಹೊಸ ಶಾಲಾ ವರ್ಷ ಶುರುವಾಗುವ ಹೊತ್ತಿಗೆ ತಂದೆತಾಯಂದಿರು ಕೇಳುವ ಪ್ರಶ್ನೆ ಇದು. ಸಾಮಾನ್ಯವಾಗಿ ಕೈಗೆ ಸಿಗುವುದು ಪ್ರತಿ ಕಥೆಯ ಕೆಳಗೆ ದಪ್ಪಕ್ಷರದಲ್ಲಿ ‘ನೀತಿ’ ಎಂದು ಅಚ್ಚಾದ ತೆಳ್ಳನೆಯ ಪುಸ್ತಕ. ಮಗು ಆ ಕೊನೆಯ ಸಾಲನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತದೆ, ಮರೆಯುತ್ತದೆ. ಮನಸ್ಸಿನಲ್ಲಿ ಉಳಿಯುವುದು ಕಥೆಯಲ್ಲಿ ನಡೆದ ಸಂಗತಿ ಮತ್ತು ಅದರ ಬಗ್ಗೆ ಮನೆಯಲ್ಲಿ ಆದ ಮಾತು.

ಸಾಗರ, ಹೊಸನಗರ, ತೀರ್ಥಹಳ್ಳಿಯವರಿಗೆ ಈ ವಿಷಯದಲ್ಲಿ ದೊಡ್ಡ ಅನುಕೂಲವಿದೆ. ಕುವೆಂಪು ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಪೂರ್ಣಚಂದ್ರ ತೇಜಸ್ವಿ ಹುಟ್ಟಿದ್ದೂ ಅಲ್ಲೇ, 1938ರಲ್ಲಿ. ಶರಾವತಿ ಯೋಜನೆಯಲ್ಲಿ ನೌಕರಿ ಮಾಡಿ, ಊರುಗಳು ಮುಳುಗಿದ್ದನ್ನು ಕಣ್ಣಾರೆ ಕಂಡು ಬರೆದ ನಾ. ಡಿಸೋಜ ಸಾಗರದವರು. ಬದುಕಿನ ಪಾಠ ಹೇಳುವ ಪುಸ್ತಕಕ್ಕಾಗಿ ಈ ಭಾಗದವರು ದೂರ ಹುಡುಕಬೇಕಿಲ್ಲ. ಹೇಗೆ ಆರಿಸಬೇಕು, ಹೇಗೆ ಓದಬೇಕು ಎಂಬುದನ್ನು ತಿಳಿದರೆ ಸಾಕು. ಹಂತ ಹಂತವಾಗಿ ನೋಡೋಣ.

ಹಂತ 1: ಮೊದಲು ಮಗುವನ್ನು ಗಮನಿಸಿ

ಪುಸ್ತಕ ಕೊಳ್ಳುವ ಮೊದಲು ಒಂದು ವಾರ ಮಗುವಿನ ಮಾತಿಗೆ ಕಿವಿಗೊಡಿ. ಅದಕ್ಕೆ ಈಗ ಕಾಡುತ್ತಿರುವುದೇನು? ಹೊಸದಾಗಿ ಹುಟ್ಟಿದ ತಂಗಿಯ ಮೇಲಿನ ಹೊಟ್ಟೆಕಿಚ್ಚೇ, ಕತ್ತಲೆಯ ಭಯವೇ, ಸಾಕಿದ ನಾಯಿಯ ಸಾವೇ, ಹೈಸ್ಕೂಲಿಗಾಗಿ ಮನೆ ಬಿಟ್ಟು ಹಾಸ್ಟೆಲ್ ಸೇರಬೇಕಾದ ದುಗುಡವೇ? ಅದಕ್ಕೆ ಹತ್ತಿರವಾದ ಕಥೆಯನ್ನು ಹುಡುಕಿ.

ಒಂದು ಎಚ್ಚರಿಕೆ. ಮಗು ಸುಳ್ಳು ಹೇಳಿ ಸಿಕ್ಕಿಬಿದ್ದ ಸಂಜೆಯೇ ಸುಳ್ಳಿನ ಕಥೆ ಓದಿಸಬೇಡಿ. ಪುಸ್ತಕ ಶಿಕ್ಷೆಯಾದರೆ ಓದೂ ಶಿಕ್ಷೆಯಾಗುತ್ತದೆ. ಹತ್ತು ದಿನ ಬಿಟ್ಟು, ಎಲ್ಲರೂ ನಗುನಗುತ್ತಾ ಇರುವಾಗ ಓದಿ. ಮಗು ತಾನಾಗಿಯೇ ತನ್ನ ವಿಷಯವನ್ನು ನೆನಪಿಸಿಕೊಳ್ಳುತ್ತದೆ.

ಹಂತ 2: ಐದು ನಿಮಿಷದ ಪರೀಕ್ಷೆ

ಅಂಗಡಿಯಲ್ಲೋ ಗ್ರಂಥಾಲಯದಲ್ಲೋ ನಿಂತಲ್ಲೇ ಪುಸ್ತಕವನ್ನು ಹೀಗೆ ನೋಡಿ:

• ನಡುವಿನ ಒಂದು ಪುಟವನ್ನು ಗಟ್ಟಿಯಾಗಿ ಓದಿ. ನಾಲಿಗೆ ತೊಡರಿದರೆ, ವಾಕ್ಯ ಯಾರೂ ಆಡದ ಕನ್ನಡದಲ್ಲಿದ್ದರೆ ಕೆಳಗಿಡಿ.
• ಕಥೆಯೊಳಗಿನ ಮಗು ತಾನೇ ಏನಾದರೂ ನಿರ್ಧಾರ ಮಾಡುತ್ತದೆಯೇ, ಅಥವಾ ದೊಡ್ಡವರು ಬಂದು ಬುದ್ಧಿ ಹೇಳಿದ ಕೂಡಲೇ ಬದಲಾಗುತ್ತದೆಯೇ? ಮೊದಲನೆಯದನ್ನು ಆರಿಸಿ.
• ಕೊನೆಯ ಪುಟದ ನೀತಿಯ ಸಾಲನ್ನು ಬೆರಳಿನಿಂದ ಮುಚ್ಚಿ. ಕಥೆ ಆಗಲೂ ಅರ್ಥವಾದರೆ ಅದು ಗಟ್ಟಿ ಕಥೆ.
• ಕಪ್ಪು ಬಣ್ಣದವರು ಕೆಟ್ಟವರು, ಅಂಗವಿಕಲರು ನಗೆಪಾಟಲು, ಹೆಣ್ಣುಮಕ್ಕಳಿಗೆ ಅಡುಗೆ ಮನೆ ಎನ್ನುವ ಪುಸ್ತಕ ಬೇಡ. ಹೇಳದೆ ಕಲಿಸುವ ಪಾಠವೇ ಹೆಚ್ಚು ಆಳಕ್ಕೆ ಇಳಿಯುತ್ತದೆ.

ಹಂತ 3: ವಯಸ್ಸಿಗೆ ತಕ್ಕ ಆಯ್ಕೆ

*ಮೂರರಿಂದ ಆರು:* ಈ ವಯಸ್ಸಿಗೆ ಪ್ರಾಸ, ಲಯ, ಚಿತ್ರ ಮುಖ್ಯ. ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳಿಂದ ಶುರುಮಾಡಿ. ಕಸ್ತೂರಿ ಕೊಂಡು ಜಂಬಪಟ್ಟ ತುತ್ತೂರಿ ನೀರಿಗೆ ಜಾರಿ ಹಾಳಾಗುವ ಪದ್ಯವನ್ನು ಕೇಳಿದ ಮಗುವಿಗೆ ಜಂಬ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ.

*ಏಳರಿಂದ ಹತ್ತು:* ಪುಣ್ಯಕೋಟಿಯ ಗೋವಿನ ಹಾಡು, ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’, ಪಂಚತಂತ್ರದ ಕಥೆಗಳು, ಎಚ್.ಎಸ್. ವೆಂಕಟೇಶಮೂರ್ತಿ ಅವರ ಮಕ್ಕಳ ನಾಟಕಗಳು.

*ಹತ್ತರಿಂದ ಹದಿಮೂರು:* ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’. ಮಕ್ಕಳಿಗಾಗಿ ಬರೆದ ಈ ಕಾದಂಬರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಅದರ ಹಿಂದಿನ ವರ್ಷ ಅದೇ ಪುರಸ್ಕಾರ ಪಡೆದ ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ ಗಾಂಧಿ ಬಾಪೂ ಆದ ಕತೆ’. ಜಪಾನಿನ ತೆತ್ಸುಕೊ ಕುರೊಯನಾಗಿ 1981ರಲ್ಲಿ ಪ್ರಕಟಿಸಿದ, ನ್ಯಾಷನಲ್ ಬುಕ್ ಟ್ರಸ್ಟ್ ಕನ್ನಡಕ್ಕೆ ತಂದಿರುವ ‘ತೊತ್ತೊ-ಚಾನ್’. ಇವುಗಳ ಜೊತೆಗೆ ತೇಜಸ್ವಿ ಅವರ ‘ಪರಿಸರದ ಕತೆ’. ಕಾಡು, ಕೆರೆ, ನಾಯಿ, ಹಕ್ಕಿ ನೋಡುತ್ತಾ ಬೆಳೆದ ಮಲೆನಾಡಿನ ಮಗುವಿಗೆ ಆ ಪುಸ್ತಕದ ಪ್ರಪಂಚ ಪರಿಚಿತ. ಯಾರೋ ಹೇಳಿದ್ದನ್ನು ನಂಬುವ ಮೊದಲು ಕಣ್ಣಿಟ್ಟು ನೋಡು ಎಂಬ ಅಭ್ಯಾಸವನ್ನು ಅದು ಉಪದೇಶವಿಲ್ಲದೆ ಕಲಿಸುತ್ತದೆ.

*ಹದಿಮೂರರ ನಂತರ:* ತೇಜಸ್ವಿ ಅವರ ‘ಕರ್ವಾಲೊ’, ಡಿಸೋಜ ಅವರ ‘ದ್ವೀಪ’. ಗಿರೀಶ್ ಕಾಸರವಳ್ಳಿ ಇದೇ ‘ದ್ವೀಪ’ವನ್ನು ಚಲನಚಿತ್ರ ಮಾಡಿದ್ದಾರೆ. ಓದಿದ ಮೇಲೆ ನೋಡಿದರೆ ಚರ್ಚೆಗೆ ಒಳ್ಳೆಯ ದಾರಿ.

ಹಂತ 4: ಪುಸ್ತಕ ಎಲ್ಲಿ ಸಿಗುತ್ತದೆ?

ದುಡ್ಡು ಖರ್ಚು ಮಾಡುವ ಮೊದಲು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ. ಈಗ ಇವಕ್ಕೆ ‘ಅರಿವು ಕೇಂದ್ರ’ ಎಂದು ಹೆಸರು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಮಗುವನ್ನೇ ಕರೆದೊಯ್ದು ಅದರ ಹೆಸರಿನಲ್ಲೇ ಸದಸ್ಯತ್ವ ಮಾಡಿಸಿ. ಬೇಕಾದ ಪುಸ್ತಕ ಇಲ್ಲದಿದ್ದರೆ ಹೆಸರು ಬರೆದುಕೊಟ್ಟು ತರಿಸಲು ಕೇಳಿ.

ಕೊಳ್ಳುವುದಾದರೆ ನವಕರ್ನಾಟಕ, ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್ ಪ್ರಕಟಣೆಗಳು ಮಕ್ಕಳ ಪುಸ್ತಕಕ್ಕೆ ಒಳ್ಳೆಯ ಆಯ್ಕೆ. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳನ್ನು ಬಿಟ್ಟಿಯಾಗಿ ಓದಬಹುದು, ಇಳಿಸಿಕೊಳ್ಳಬಹುದು. ಹಿನ್ನೀರಿನ ಆಚೆಯ ಊರುಗಳಲ್ಲಿ ನೆಟ್‌ವರ್ಕ್ ಕೈಕೊಡುವುದು ಗೊತ್ತಿರುವುದೇ. ಪೇಟೆಗೆ ಹೋದಾಗ ಏಳೆಂಟು ಪುಸ್ತಕಗಳನ್ನು ಫೋನಿಗೆ ಇಳಿಸಿಕೊಂಡು ಬನ್ನಿ. ಇಷ್ಟವಾದ ಒಂದೆರಡನ್ನು ಪ್ರಿಂಟ್ ಹಾಕಿಸಿ ಹೊಲಿದುಕೊಟ್ಟರೆ ಮಗುವಿಗೆ ಸ್ವಂತದ ಪುಸ್ತಕವಾಯಿತು.

ಹಂತ 5: ಗಟ್ಟಿಯಾಗಿ ಓದಿ, ಸರಿಯಾದ ಜಾಗದಲ್ಲಿ ನಿಲ್ಲಿಸಿ

ಇಡೀ ಪ್ರಯತ್ನದ ಜೀವ ಇರುವುದು ಇಲ್ಲಿ. ‘ಕಿಂದರಿಜೋಗಿ’ಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ ಬರೆದ, ಜರ್ಮನಿಯ ಹ್ಯಾಮೆಲಿನ್ ಊರಿನ ಕಥೆಯನ್ನು ಕುವೆಂಪು ತುಂಗಾ ತೀರಕ್ಕೆ ತಂದು ನಮ್ಮದೇ ಹಳ್ಳಿಯ ಕಥೆ ಮಾಡಿದರು. ಇಲಿಗಳ ಕಾಟದ ಭಾಗವನ್ನು ಮಕ್ಕಳು ನಿಮ್ಮ ಜೊತೆ ಕೂಗುತ್ತಾ ಓದಲಿ. ಇಲಿಗಳೆಲ್ಲ ಹೊಳೆಪಾಲಾದ ಮೇಲೆ, ಅವನ್ನು ಕರೆದೊಯ್ದ ಜೋಗಿ ಬಂದು ಒಪ್ಪಿದ್ದ ಹಣ ಕೇಳುತ್ತಾನೆ, ಊರಿನ ಗೌಡ ಕೊಟ್ಟ ಮಾತಿಗೆ ತಪ್ಪುತ್ತಾನೆ. ಅಲ್ಲಿ ಪುಸ್ತಕ ಮುಚ್ಚಿ.

‘ಈಗ ಗೌಡ ಏನು ಮಾಡಬೇಕಿತ್ತು?’ ಎಂದು ಕೇಳಿ. ಒಂದು ಮಗು ‘ದುಡ್ಡು ಕೊಡಬೇಕಿತ್ತು’ ಎನ್ನುತ್ತದೆ. ಇನ್ನೊಂದು ‘ಇಲಿ ಹೋಯ್ತಲ್ಲ, ಇನ್ಯಾಕೆ ಕೊಡೋದು?’ ಎನ್ನಬಹುದು. ಎರಡನೆಯ ಮಗುವನ್ನು ಗದರಬೇಡಿ. ಅದು ಮನಸ್ಸಿನಲ್ಲಿದ್ದದ್ದನ್ನು ಹೇಳಿದೆ. ‘ಸರಿ, ನೀನೇ ಜೋಗಿಯಾಗಿದ್ದರೆ?’ ಎಂದಷ್ಟೇ ಕೇಳಿ ಮುಂದೆ ಓದಿ. ಜೋಗಿಯ ಹಿಂದೆ ಊರಿನ ಮಕ್ಕಳು ಹೊರಟುಹೋಗುವಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ತಪ್ಪು ಮಾಡಿದ್ದು ಗೌಡ, ಮಕ್ಕಳನ್ನು ಯಾಕೆ ಕರ್ಕೊಂಡು ಹೋದ?’ ಆ ಪ್ರಶ್ನೆಗೆ ಅವಸರದಲ್ಲಿ ಉತ್ತರ ಕೊಡಬೇಡಿ. ದೊಡ್ಡವರು ಮಾತು ತಪ್ಪಿದರೆ ಬೆಲೆ ತೆರುವವರು ಚಿಕ್ಕವರು ಎಂಬುದನ್ನು ಮಗು ತಾನೇ ಕಂಡುಕೊಂಡಿತು. ಯಾವ ನೀತಿವಾಕ್ಯವೂ ಅದಕ್ಕೆ ಸಮವಲ್ಲ.

ಕೇಳಿಸಿಕೊಳ್ಳುವುದನ್ನು ‘ತೊತ್ತೊ-ಚಾನ್’ ದೊಡ್ಡವರಿಗೂ ಕಲಿಸುತ್ತದೆ. ಒಂದು ಶಾಲೆಯಿಂದ ಹೊರಹಾಕಿಸಿಕೊಂಡು ಬಂದ ಹುಡುಗಿಯ ಮಾತನ್ನು ಹೊಸ ಶಾಲೆಯ ಮುಖ್ಯೋಪಾಧ್ಯಾಯ ಕೊಬಯಾಶಿ, ಅವಳಿಗೆ ಹೇಳಲು ಇನ್ನೇನೂ ಉಳಿಯದಷ್ಟು ಹೊತ್ತು ಕೂತು ಕೇಳುತ್ತಾರೆ. ಓದಿಸುವವರಿಗೆ ಬೇಕಾದ ತಾಳ್ಮೆ ಅದು.

ಹಂತ 6: ಎರಡು ಕಥೆಗಳನ್ನು ಪಕ್ಕಪಕ್ಕ ಇಡಿ

ಒಂದೇ ಕಥೆ ಹೇಳಿದರೆ ಪಾಠ ಅರ್ಧ. ಕಿಂದರಿಜೋಗಿಯ ಮರುವಾರ ಪುಣ್ಯಕೋಟಿ ಓದಿ. ಅಲ್ಲಿ ಗೌಡ ಮಾತು ತಪ್ಪಿದ, ಇಲ್ಲಿ ಹಸು ಪ್ರಾಣ ಹೋಗುತ್ತದೆಂದು ಗೊತ್ತಿದ್ದೂ ಹುಲಿಯ ಬಳಿಗೆ ವಾಪಸು ಬಂತು. ‘ಯಾರನ್ನು ನಿಮ್ಮ ಗೆಳೆಯರನ್ನಾಗಿ ಮಾಡಿಕೊಳ್ಳುತ್ತೀರಿ? ಹುಲಿಯ ಮನಸ್ಸು ತಿರುಗಿದ್ದೇಕೆ?’ ಎಂದು ಕೇಳಿ. ಹತ್ತು ದಾಟಿದ ಮಕ್ಕಳಿಗೆ ಇನ್ನೂ ಗಟ್ಟಿ ಪ್ರಶ್ನೆ ಹಾಕಬಹುದು: ‘ಕರುವಿನ ಕಡೆಯಿಂದ ನೋಡಿದರೆ ತಾಯಿ ಮಾಡಿದ್ದು ಸರಿಯೇ?’ ಒಪ್ಪದ ಮಗುವಿಗೂ ಜಾಗವಿರಲಿ.

ಹಂತ 7: ಕಥೆಯನ್ನು ಊರಿಗೆ ತನ್ನಿ

ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಸುತ್ತಲಿನವರು ಈ ಹಂತವನ್ನು ಬಿಡಲೇಬಾರದು. 1964ರಲ್ಲಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು ಗದ್ದೆ, ತೋಟ, ದೇವಸ್ಥಾನದ ಸಮೇತ ನೀರಿನಡಿ ಹೋದವು. ಅದಕ್ಕೂ ಹಿಂದೆ, 1948ರ ಹೊತ್ತಿಗೆ ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯೂ ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದಾಗ ಅದು ಮೇಲೆ ಕಾಣುತ್ತದೆ. ಜಾಗ ಬಿಟ್ಟುಕೊಟ್ಟು ಎದ್ದು ಹೋದ ಕುಟುಂಬಗಳಲ್ಲಿ ಆರು ದಶಕ ಕಳೆದರೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿರುವವರಿದ್ದಾರೆ. ಹಿನ್ನೀರಿನ ಆಚೆ ಉಳಿದ ತುಮರಿ ಭಾಗದವರು 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವವರೆಗೆ ಸಾಗರಕ್ಕೆ ಬರಲು ಲಾಂಚನ್ನೇ ನೆಚ್ಚಿಕೊಂಡಿದ್ದರು.

ಡಿಸೋಜ ಅವರ ಪುಸ್ತಕ ಓದಿದ ಮೇಲೆ ಮಗುವಿನ ಕೈಗೆ ನೋಟ್‌ಬುಕ್ ಕೊಟ್ಟು ಮನೆಯ ಅಥವಾ ಕೇರಿಯ ಹಿರಿಯರ ಬಳಿ ಕೂರಿಸಿ. ಮೂರು ಪ್ರಶ್ನೆ ಸಾಕು:

• ನೀರು ಬರುವ ಮೊದಲು ನಿಮ್ಮ ಊರಿನ ಹೆಸರೇನಿತ್ತು, ಮನೆ ಹೇಗಿತ್ತು?
• ಹೊರಡುವಾಗ ಏನನ್ನು ತಂದಿರಿ, ಏನನ್ನು ಬಿಟ್ಟು ಬಂದಿರಿ?
• ನಿಮಗೆ ಕೊಟ್ಟ ಯಾವ ಮಾತು ನಡೆಯಿತು, ಯಾವುದು ನಡೆಯಲಿಲ್ಲ?

ಮೂರನೆಯ ಪ್ರಶ್ನೆಗೆ ಸಿಗುವ ಉತ್ತರದಲ್ಲಿ ಕಿಂದರಿಜೋಗಿಯ ಗೌಡ ಮಗುವಿಗೆ ಮತ್ತೆ ಎದುರಾಗುತ್ತಾನೆ. ಯಾರ ಊರು ಮುಳುಗಿದ್ದರಿಂದ ಯಾರ ಮನೆಗೆ ವಿದ್ಯುತ್ ಬಂತು ಎಂದು ಲೆಕ್ಕ ಹಾಕಿದ ಮಗು, ಇನ್ನೊಬ್ಬರ ತ್ಯಾಗವನ್ನು ಹಗುರವಾಗಿ ಕಾಣುವುದಿಲ್ಲ. ಬೇಸಿಗೆಯಲ್ಲಿ ಹಿನ್ನೀರಿನ ದಡಕ್ಕೆ ಕರೆದೊಯ್ಯುವುದಾದರೆ ದೊಡ್ಡವರು ಜೊತೆಗಿರಲಿ. ಇಳಿದ ನೀರಿನ ಅಂಚಿನಲ್ಲಿ ಹೂಳು ಇರುತ್ತದೆ, ಮಕ್ಕಳನ್ನು ಅದರೊಳಗೆ ಇಳಿಯಲು ಬಿಡಬೇಡಿ.

ಹಂತ 8: ಓದಿದ್ದನ್ನು ಆಡಿಸಿ

ಕೆ.ವಿ. ಸುಬ್ಬಣ್ಣ ಅವರು ಕಟ್ಟಿ ಬೆಳೆಸಿದ ಹೆಗ್ಗೋಡಿನ ನೀನಾಸಂ ಈ ಸೀಮೆಗೆ ರಂಗಭೂಮಿಯ ರುಚಿ ಹತ್ತಿಸಿತು. ಕೆ.ಜಿ. ಕೃಷ್ಣಮೂರ್ತಿ ಅವರ ಕಿನ್ನರಮೇಳ ತುಮರಿಯಂಥ ಊರಿನಿಂದಲೇ ಮಕ್ಕಳ ನಾಟಕ ಕಟ್ಟಿತು. ನಿಮ್ಮ ಜಗಲಿಯಲ್ಲೂ ಅದು ಸಾಧ್ಯ. ಪಾತ್ರ ಹಂಚುವಾಗ ಒಂದು ನಿಯಮ ಇಟ್ಟುಕೊಳ್ಳಿ: ಗೌಡನನ್ನು ಬೈದ ಮಗು ಗೌಡನ ಪಾತ್ರ ಮಾಡಲಿ. ಎದುರಿನವರ ಸ್ಥಾನದಲ್ಲಿ ನಿಂತು ಯೋಚಿಸುವುದನ್ನು ಕಲಿಸಲು ಇದಕ್ಕಿಂತ ಸುಲಭದ ಉಪಾಯವಿಲ್ಲ.

ಹಂತ 9: ಹೊತ್ತು ನಿಗದಿ ಮಾಡಿ, ಪುಸ್ತಕ ಕಾಪಾಡಿ

ಮಳೆ ರಜೆಯ ದಿನಗಳು ಓದಿಗೆ ಹೇಳಿ ಮಾಡಿಸಿದಂಥವು. ಅಡಿಕೆ ಕೊಯ್ಲಿನ ಕಾಲದಲ್ಲಿ ಇನ್ನೊಂದು ಅವಕಾಶವಿದೆ: ಸಂಜೆ ಮನೆಮಂದಿ ಅಡಿಕೆ ಸುಲಿಯಲು ಕೂತಾಗ ಅವರ ಕೈಗೆ ಕೆಲಸವಿರುತ್ತದೆ, ಕಿವಿ ಖಾಲಿ ಇರುತ್ತದೆ. ಮಗು ಅವರಿಗೆ ಕಾಲು ಗಂಟೆ ಗಟ್ಟಿಯಾಗಿ ಓದಿ ಹೇಳಲಿ. ದೊಡ್ಡವರು ನಡುವೆ ಬಾಯಿ ಹಾಕಿ ಕೇಳುವ ಪ್ರಶ್ನೆಗಳಿಂದ ಓದುವ ಮಗುವಿಗೆ ಹುರುಪು ಬರುತ್ತದೆ.

ಮಲೆನಾಡಿನ ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯುವುದೇ ದೊಡ್ಡ ತಲೆನೋವು. ಗೋಡೆಗೆ ತಾಗಿಸಿ ಇಡಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಒತ್ತೊತ್ತಾಗಿ ತುರುಕಬೇಡಿ. ಒದ್ದೆ ಕೈಯಲ್ಲಿ ಮುಟ್ಟಬಾರದೆಂದು ಮಕ್ಕಳಿಗೆ ಹೇಳಿ. ವಾರಕ್ಕೊಮ್ಮೆ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ. ಒಣಗಿದ ಬೇವಿನೆಲೆ ಅಥವಾ ಕರ್ಪೂರವನ್ನು ಕಪಾಟಿನ ಮೂಲೆಯಲ್ಲಿಡಿ. ಮಳೆ ಬಿಟ್ಟ ಮೇಲೆ ನೆರಳಿನಲ್ಲಿ ಗಾಳಿಗೆ ಹರಡಿ. ಸುಡುಬಿಸಿಲು ಹಾಳೆಯನ್ನು ಹಳದಿ ಮಾಡುತ್ತದೆ.

ಮೊದಲ ತಿಂಗಳ ಯೋಜನೆ

*ವಾರ 1:* ಅರಿವು ಕೇಂದ್ರದ ಸದಸ್ಯತ್ವ. ಮಗುವೇ ಆರಿಸಿದ ಒಂದು ಪುಸ್ತಕ, ನೀವು ಆರಿಸಿದ ಒಂದು ಪುಸ್ತಕ.
*ವಾರ 2:* ‘ಕಿಂದರಿಜೋಗಿ’ಯ ಗಟ್ಟಿ ಓದು, ನಡುವೆ ಒಂದು ನಿಲುಗಡೆ, ಒಂದೇ ಪ್ರಶ್ನೆ.
*ವಾರ 3:* ಪುಣ್ಯಕೋಟಿ. ಎರಡು ಕಥೆಗಳ ಹೋಲಿಕೆ. ಜಗಲಿಯಲ್ಲಿ ಹತ್ತು ನಿಮಿಷದ ಆಟ.
*ವಾರ 4:* ಹಿರಿಯರೊಂದಿಗೆ ಮೂರು ಪ್ರಶ್ನೆ. ಉತ್ತರಗಳನ್ನು ಮಗು ಬರೆದು, ಚಿತ್ರ ಹಾಕಿ, ಹೊಲಿದು ಪುಸ್ತಕ ಮಾಡಲಿ. ಅದರ ಒಂದು ಪ್ರತಿಯನ್ನು ಶಾಲೆಯ ಗ್ರಂಥಾಲಯಕ್ಕೆ ಕೊಡಿ.

ಕೊನೆಯದಾಗಿ ಪೋಷಕರಿಗೆ ಒಂದು ಮಾತು. ಮಾತು ಉಳಿಸಿಕೊಳ್ಳುವುದರ ಬಗ್ಗೆ ಕಥೆ ಓದಿದ ಮಗು ಮೊದಲು ಅಳೆಯುವುದು ನಿಮ್ಮನ್ನು. ‘ನಾಳೆ ರಾತ್ರಿ ಮುಂದಿನ ಕಥೆ ಓದೋಣ’ ಎಂದು ಹೇಳಿದ್ದರೆ, ಎಷ್ಟೇ ದಣಿದಿದ್ದರೂ ನಾಳೆ ರಾತ್ರಿ ಓದಿ.