ಎಕರೆಗೆ ಎಷ್ಟು ಟನ್?

ಮಂಡ್ಯದ ಕಡೆ ಕಬ್ಬು ಕಡಿಯುವ ಕಾಲದಲ್ಲಿ ಇಬ್ಬರು ರೈತರು ಎದುರಾದರೆ ಮೊದಲು ಬರುವ ಮಾತು, ‘ಎಕರೆಗೆ ಎಷ್ಟು ಟನ್ ಬಂತಣ್ಣ?’ ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿದ್ದರೆ ಅದೇ ಪ್ರಶ್ನೆ ಪರ್ಸೆಂಟಿಗೆ ತಿರುಗುತ್ತದೆ. ‘ಅವರ ಹುಡುಗನ್ನ ನೋಡಿ ಕಲ್ತ್ಕೊ’ ಎಂಬುದು ಇದ್ದೇ ಇದೆ. ಈ ಕಾಟದಿಂದ ಬಿಡುಗಡೆ ಉಂಟೇ ಎಂದು ಈಗಷ್ಟೇ ಯೋಚಿಸಲು ಶುರು ಮಾಡಿದವರಿಗಾಗಿ ಈ ನಾಲ್ಕು ಮಾತು. ಅವಸರವಿಲ್ಲ, ನಿಧಾನಕ್ಕೆ ಹೋಗೋಣ.

ಮೊದಲಿಗೆ, ಹೋಲಿಸಿಕೊಳ್ಳುವುದು ಕೆಟ್ಟ ಗುಣವೇನಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲಿ ಈ ಬಗ್ಗೆ ಬರೆದರು. ನನ್ನ ಕೈಲಿ ಎಷ್ಟಾಗುತ್ತದೆ ಎಂದು ತಿಳಿಯುವ ಹಂಬಲ ಎಲ್ಲರಿಗೂ ಇರುತ್ತದೆ. ಅಳೆಯಲು ಬೇರೆ ದಾರಿ ಕಾಣದಿದ್ದಾಗ ಪಕ್ಕದವರನ್ನು ಇಟ್ಟುಕೊಂಡು ಅಳೆದುಕೊಳ್ಳುತ್ತೇವೆ ಎಂಬುದು ಅವರ ವಾದದ ತಿರುಳು. ‘ಬೇರೆ ದಾರಿ ಕಾಣದಿದ್ದಾಗ’ ಎಂಬ ಮಾತಿಗೆ ಅಡಿಗೆರೆ ಎಳೆದುಕೊಳ್ಳಿ. ನಮ್ಮ ಕೆಲಸಕ್ಕೆ ನಮ್ಮದೇ ಅಳತೆ ಸಿಕ್ಕಿತೆಂದರೆ ಪಕ್ಕದವರ ಕಡೆ ಕಣ್ಣು ಹೋಗುವುದು ತಾನಾಗಿ ಕಡಿಮೆಯಾಗುತ್ತದೆ.

ಇದಕ್ಕೆ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಕುರಿ ಕಾಯುತ್ತಿದ್ದವರು. ಮೇಯಿಸಲು ಹೋಗುತ್ತಿದ್ದ ಬೆಟ್ಟದಲ್ಲಿ ಬೇಸಿಗೆ ಬಂದರೆ ಕುರಿಗೂ ನೀರಿಲ್ಲ, ಹಕ್ಕಿಗೂ ನೀರಿಲ್ಲ. ಸರಿ, ಮಳೆ ನೀರು ನಿಲ್ಲುವಂತೆ ಒಂದು ಗುಂಡಿ ತೋಡಿದರು. ಆಮೇಲೆ ಇನ್ನೊಂದು. ಕುರಿ ಮಾರಿದ ದುಡ್ಡು ಹಾರೆ, ಗುದ್ದಲಿಗೆ ಹೋಯಿತು. ಊರಲ್ಲಿ ಕೆಲವರು ಹುಚ್ಚು ಎಂದರು. ಅವರ ಕಡೆಯಿಂದ ನೋಡಿದರೆ ಅದೂ ಸಹಜವೇ: ಓರಗೆಯವರು ಕುರಿ ಹಿಂಡು ಬೆಳೆಸುತ್ತಿರುವಾಗ, ತನ್ನದಲ್ಲದ ಬೆಟ್ಟದಲ್ಲಿ ಗುಂಡಿ ತೋಡಲು ಇದ್ದ ಕುರಿಯನ್ನೂ ಮಾರುವವನನ್ನು ಇನ್ನೇನೆಂದು ಕರೆಯುತ್ತಾರೆ? ಆದರೆ ಗುಂಡಿ ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ಊರವರನ್ನು ಕೇಳಬೇಕಿರಲಿಲ್ಲ. ಬಿಸಿಲು ಕಾಲದಲ್ಲಿ ನೀರು ನಿಂತಿದೆಯೇ, ಕುರಿ ಕುಡಿಯಿತೇ ಎಂದು ನೋಡಿದರೆ ಮುಗಿಯಿತು. ದಶಕಗಳ ಕಾಲ ಕಟ್ಟೆಯ ಮೇಲೆ ಕಟ್ಟೆ ಎದ್ದಿತು, ಗಿಡಗಳೂ ಎದ್ದವು. 2020ರ ಜೂನ್‌ನಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಅವರ ಹೆಸರು ಹೇಳಿದಾಗ ದೇಶಕ್ಕೆಲ್ಲ ಗೊತ್ತಾಯಿತು. ಅಷ್ಟರಲ್ಲಿ ಕಟ್ಟೆಗಳು ಎಷ್ಟೋ ಮಳೆಗಾಲ ಕಂಡಾಗಿತ್ತು. 2022ರ ಅಕ್ಟೋಬರ್‌ನಲ್ಲಿ ಕಾಮೇಗೌಡರು ತೀರಿಕೊಂಡರು.

ಈಗ ಆತ್ಮವಿಶ್ವಾಸದ ಮಾತು. ಅದು ಎಲ್ಲಿಂದ ಬರುತ್ತದೆ? ಭಾಷಣ ಕೇಳಿ ಬರುವ ಹುಮ್ಮಸ್ಸು ಬಸ್ ಸ್ಟ್ಯಾಂಡ್ ತಲುಪುವಷ್ಟರಲ್ಲಿ ಇಳಿದಿರುತ್ತದೆ. ಆಲ್ಬರ್ಟ್ ಬಂಡೂರಾ ಎಂಬ ಮನಶ್ಶಾಸ್ತ್ರಜ್ಞರು 1977ರಲ್ಲಿ ತೋರಿಸಿಕೊಟ್ಟಂತೆ, ‘ನನ್ನ ಕೈಲಾಗುತ್ತದೆ’ ಎಂಬ ನಂಬಿಕೆಗೆ ಬಲವಾದ ಬೇರು ನಾವೇ ಮಾಡಿ ಮುಗಿಸಿದ ಕೆಲಸ. ಮೊದಲ ಗುಂಡಿಯಲ್ಲಿ ನೀರು ನಿಂತರೆ ಎರಡನೆಯದಕ್ಕೆ ಗುದ್ದಲಿ ಎತ್ತಲು ಧೈರ್ಯ ಬರುತ್ತದೆ. ಹಾಗಾಗಿ ಹೊಸಬರಿಗೆ ನಾನು ಹೇಳುವುದು, ಮೊದಲ ಗುಂಡಿ ಚಿಕ್ಕದಿರಲಿ.

ಹೋಲಿಸುವಾಗ ಇನ್ನೊಂದು ಕಡೆ ಎಡವುವುದುಂಟು: ಇಬ್ಬರ ಸ್ಥಿತಿ ಒಂದೇ ಅಲ್ಲ ಎಂಬುದನ್ನು ಮರೆಯುತ್ತೇವೆ. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿಯುತ್ತದೆ. ಮೇಲ್ಭಾಗದ ಪಾಂಡವಪುರದಲ್ಲಿ ನಾಟಿ ಮುಗಿದಿದ್ದರೂ ಕೊನೆ ಭಾಗದ ಮದ್ದೂರು, ಮಳವಳ್ಳಿ ಕಡೆ ನೀರಿಗೆ ಕಾಯುವವರು ಇರುತ್ತಾರೆ. ಈ ಇಬ್ಬರ ಗದ್ದೆಯನ್ನೂ ಒಂದೇ ದಿನ ನೋಡಿ ಯಾರು ಒಳ್ಳೆ ರೈತ ಎಂದು ಹೇಳಿದರೆ ಅದು ಲೆಕ್ಕವೇ? ನಾಲೆಯ ಕೊನೆಯವನು ಮೇಲ್ಭಾಗದವನನ್ನು ಕಂಡು ‘ಯಾವ ತಳಿ ಹಾಕಿದೆ, ಗೊಬ್ಬರ ಯಾವಾಗ ಕೊಟ್ಟೆ’ ಎಂದು ಕೇಳಲಿ, ಅದು ಕಲಿಕೆ. ಆದರೆ ಅವನ ಹಸುರು ಕಂಡು ಕೊರಗಿದರೆ ನೀರೇನೂ ಬೇಗ ಬರುವುದಿಲ್ಲ. (ನೀರಿಗಾಗಿ ಹೋರಾಡುವುದು ಬೇರೆ ಮಾತು, ಅದನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ.)

ಅಳತೆ ಬದಲಾದರೆ ಕೆಲಸದ ಬೆಲೆಯೂ ಬದಲಾಗುತ್ತದೆ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ನೂರಾರು ದೇಸಿ ಭತ್ತದ ತಳಿಗಳನ್ನು ಬಿತ್ತಿ ಉಳಿಸಿಕೊಂಡು ಬಂದಿದ್ದಾರೆ. ಚೂರು ಚೂರು ಜಾಗದಲ್ಲಿ ಒಂದೊಂದು ತಳಿ ಬೆಳೆಯುವ ಗದ್ದೆಯನ್ನು ಕ್ವಿಂಟಾಲ್ ಲೆಕ್ಕದಲ್ಲಿ ನೋಡಿದರೆ ದಡ್ಡತನ ಎನಿಸಬಹುದು. ತಳಿ ಉಳಿಯಿತೇ ಎಂದು ನೋಡಿದರೆ ಆ ಗದ್ದೆಯೇ ಒಂದು ಭಂಡಾರ.

ನೀವು ಮಾಡಬೇಕಾದದ್ದು ಇಷ್ಟು. ಒಂದು ನೋಟ್‌ಬುಕ್ಕಿನಲ್ಲಿ ಈ ವಾರದ ಒಂದು ಕೆಲಸ ಬರೆದು, ಅದು ಆಯಿತೆಂದು ನಿಮಗೆ ಹೇಗೆ ಗೊತ್ತಾಗುತ್ತದೆ ಎಂಬುದನ್ನು ಅದರ ಎದುರಿಗೆ ಬರೆಯಿರಿ. ‘ಚೆನ್ನಾಗಿ ಓದಬೇಕು’ ಎಂದರೆ ಸಾಲದು. ‘ಉತ್ತರ ನೋಡದೆ ಹತ್ತು ಲೆಕ್ಕ ಬಿಡಿಸಬೇಕು’ ಎಂದರೆ ಸರಿ. ಆ ಸಾಲಿನಲ್ಲಿ ಬೇರೆಯವರ ಹೆಸರು ಬಂದಿದ್ದರೆ ಹೊಡೆದುಹಾಕಿ, ಮತ್ತೆ ಬರೆಯಿರಿ. ಆಗದ ವಾರ ‘ಆಗಲಿಲ್ಲ’ ಎಂದೇ ಬರೆದು, ಕೆಲಸವನ್ನು ಅರ್ಧ ಮಾಡಿಕೊಳ್ಳಿ.

ಸಿಇಟಿ ರ‍್ಯಾಂಕಿನಂಥ ಕಡೆ ಹೋಲಿಕೆ ತಪ್ಪುವುದಿಲ್ಲ. ಪಟ್ಟಿ ಬಂದ ದಿನ ಅದನ್ನು ನೋಡಿ, ಯಾವ ಕಾಲೇಜು ಸಿಗುತ್ತದೆ ಎಂದು ತಿಳಿದುಕೊಳ್ಳಿ. ಉಳಿದ ದಿನಕ್ಕೆ ನೋಟ್‌ಬುಕ್ಕಿನ ಲೆಕ್ಕ ಸಾಕು.